ಕಳಿಸದೆ ಬಂದ ಉರುಮೆ

ಮತ್ತೋಡಿನ ಕಡೆಯ ಕರಿಯಣ್ಣನ ಉರುಮೆಗೆ ಊರಿನಲ್ಲಿ ಯಾರೂ ಚಪ್ಪಾಳೆ ತಟ್ಟಿದವರಲ್ಲ. ತಟ್ಟುವುದಾದರೂ ಯಾಕೆ? ಡೊಂಕು ಕೋಲಿನಿಂದ ಚರ್ಮ ಉಜ್ಜಿ ಅವನು ಗುಂಯ್‌ಗುಡಿಸಿದರೆ ಪೂಜಾರಿ ದೊಡ್ಡಪ್ಪನ ಮೈಮೇಲೆ ಅಮ್ಮ ಬರುತ್ತಾಳೆ. ಜನ ಅಮ್ಮನನ್ನು ನೋಡುತ್ತಾರೆ, ಮೂಲೆಯಲ್ಲಿ ಬೆವರು ಸುರಿಸುವವನನ್ನಲ್ಲ. ಅಮ್ಮನನ್ನು ಕರೆಯುವುದಕ್ಕೊಂದು ಬಡಿತ, ಕಳಿಸುವುದಕ್ಕೊಂದು ಬಡಿತ. ಕರೆದವನೇ, ಕರೆದ ಜಾಗದಲ್ಲೇ, ಕರೆದ ಉರುಮೆಯಲ್ಲೇ ಕಳಿಸಬೇಕು. ಉರುಮೆ ಗುಡಿಯದು, ಕೈ ಮಾತ್ರ ಕರಿಯಣ್ಣನದು. ಉಳಿದ ದಿನ ಕಂಡವರ ಹೊಲದಲ್ಲಿ ಕೂಲಿ ಮಾಡುವವನಿಗೆ ಊರಲ್ಲಿ ಇದ್ದ ಮರ್ಯಾದೆಯೆಲ್ಲ ಅದೊಂದೇ.

ಕಳೆದ ವರ್ಷ ಚಿತ್ರದುರ್ಗದಲ್ಲಿ ದೇಶವಿದೇಶದ ವಾದ್ಯಗಾರರನ್ನು ಒಂದೇ ವೇದಿಕೆ ಹತ್ತಿಸುವ ಕಾರ್ಯಕ್ರಮವಾಯಿತು. ಅದನ್ನು ನಡೆಸುವ ಜಯಕುಮಾರ್ ಊರಿಗೇ ಬಂದು ಕರಿಯಣ್ಣನನ್ನು ಕೇಳಿದರು. ಪೂಜಾರಿ ದೊಡ್ಡಪ್ಪ ತಡೆಯಲಿಲ್ಲ.

"ಹೋಗಪ್ಪ. ಆದ್ರೆ ಕರೆದ್ರೆ ಕಳಿಸಿ ಬಾ, ಮರೀಬ್ಯಾಡ."

ಅಲ್ಲಿ ಸೆನೆಗಲ್ ದೇಶದ ಡೋಲಿನವನೊಬ್ಬ, ಐರ್ಲೆಂಡಿನ ಪಿಟೀಲಿನಾಕೆ ಒಬ್ಬಳು. ಯಾರ ಮಾತು ಯಾರಿಗೂ ತಿಳಿಯದು. ಅಭ್ಯಾಸಕ್ಕೆ ಕೂತಾಗ ಡೋಲಿನವನು ಕರಿಯಣ್ಣನ ಬಡಿತವನ್ನು ತನ್ನ ತೊಡೆಯ ಮೇಲೆ ತಟ್ಟಿ ತೋರಿಸಿ ನಕ್ಕ. ಕರಿಯಣ್ಣನಿಗೆ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ಅವನ ಕೈಯನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಅಮ್ಮನ್ನ ಕರೆಯೋ ಆ ಜೋರಿನ ಬಡಿತನೇ ಬಾರ್ಸ್ರಿ ಕರಿಯಣ್ಣ," ಎಂದರು ಜಯಕುಮಾರ್.

"ಕೊನೀಗೆ ಕಳಿಸೋದು ಒಂದೈತೆ ಸಾರ್. ಬಿಡಂಗಿಲ್ಲ."

"ಆಯ್ತು, ಅದೂ ಇರ್ಲಿ."

ಪಾಪ, ಅವರದೇನೂ ತಪ್ಪಿಲ್ಲ. ಸಂಜೆ ಉರುಮೆ ಗುಂಯ್‌ಗುಟ್ಟಿತು, ಡೋಲು ಜೊತೆಗೂಡಿತು, ಪಿಟೀಲು ಅಳುವಂತೆ ಏರಿತು. ಕರೆಯುವ ಬಡಿತ ನಿಂತದ್ದೇ ತಡ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಡೋಲಿನವನು ಓಡಿ ಬಂದು ತಬ್ಬಿಕೊಂಡ. ಮೂವರೂ ಕೈ ಹಿಡಿದು ಬಾಗಿದರು. ಯಾರೋ ಹಾರ ಹಾಕಿದರು, ಯಾರೋ ಫೋಟೋ ತೆಗೆದರು. ಬಸ್ಸು ಹೊಳಲ್ಕೆರೆ ದಾಟಿದ ಮೇಲೆ, ತೊಡೆಯ ಮೇಲಿದ್ದ ಉರುಮೆಗೆ ಕೈ ತಾಗಿ, ಕರಿಯಣ್ಣನಿಗೆ ನೆನಪಾಯಿತು. ಅವನು ಕಳಿಸಿರಲಿಲ್ಲ.

ಗುಡಿಯ ಮುಂದೆ ದೊಡ್ಡಪ್ಪ ಕಾದಿದ್ದ. "ಕಳಿಸಿದೇನಪ್ಪ?"

ಹೂಂ ಅನ್ನು ಎಂದು ಹೆಂಡತಿ ಗಂಗಕ್ಕ ದೊಡ್ಡಪ್ಪನ ಹಿಂದಿನಿಂದ ಕಣ್ಸನ್ನೆ ಮಾಡಿದಳು. ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಮ್ಮನ ಬಾಗಿಲಲ್ಲಿ ನಾಲಿಗೆ ಏಳಬೇಕಲ್ಲ!

"ಇಲ್ಲ ಪೂಜಾರ್ರೇ. ಚಪ್ಪಾಳೆ ಬಿತ್ತು, ಮರ್ತೆ. ನಾಳೆ ಹೋಗಿ ಕಳಿಸಿ ಬರ್ತೀನಿ, ಉರುಮೆ ನನ್ತಾವೇ ಇರ್ಲಿ."

"ಅಲ್ಲಿ ಮತ್ತೆ ಚಪ್ಪಾಳೆ ಬಿದ್ರೆ ಮರೆಯಲ್ವಾ?"

ದೊಡ್ಡಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಉರುಮೆ ಇಸಿದುಕೊಂಡು ಗುಡಿಯೊಳಗಿಟ್ಟು ಬೀಗ ಹಾಕಿದ.

ಬೇರೆ ಯಾರಿಗೂ ಆ ಬಡಿತ ಬಾರದು. ಈಗ ಗುಡಿಯಲ್ಲಿ ಸ್ವಿಚ್ ಒತ್ತಿದರೆ ಬಡಿದುಕೊಳ್ಳುವ ಕರೆಂಟಿನ ನಗಾರಿ. ಅದಕ್ಕೆ ಅಮ್ಮ ಯಾರ ಮೈಮೇಲೂ ಬರುವುದಿಲ್ಲ. ಜನ ಮಂಗಳಾರತಿ ತಗೊಂಡು ಮನೆಗೆ ಹೋಗುತ್ತಾರೆ, ಅದೇ ಅಭ್ಯಾಸವಾಗಿದೆ. ಜಯಕುಮಾರ್ ಮತ್ತೆ ಫೋನ್ ಮಾಡಿ, ಬೇರೆ ಉರುಮೆ ಕೊಡಿಸುತ್ತೇನೆ ಬನ್ನಿ ಎಂದರು. ಕರಿಯಣ್ಣ ಒಲ್ಲೆ ಎಂದ. ಒಂದು ಉರುಮೆಯಲ್ಲಿ ಕರೆದು ನಿಲ್ಲಿಸಿದವಳನ್ನು ಹಾಗೇ ಬಿಟ್ಟು ಇನ್ನೊಂದನ್ನು ಹೇಗೆ ಮುಟ್ಟಿಯಾನು?

ಕೂಲಿ ಮುಗಿಸಿ ಬಂದವನು ಗಂಗಕ್ಕನ ಮೊಬೈಲಿನಲ್ಲಿ ಚಿತ್ರದುರ್ಗದ ಆ ಸಂಜೆಯ ವೀಡಿಯೋ ಹಾಕಿಕೊಂಡು ಕೂರುತ್ತಾನೆ.

"ಅದನ್ನ ಯಾಕ್ ನೋಡ್ತೀಯ, ಹೊಟ್ಟೆ ಉರ್ಸ್ಕಳಾಕಾ?" ಎಂದು ಅವಳು ಬೈಯುತ್ತಾಳೆ.

ಹೊಟ್ಟೆ ಉರಿದರೆ ಚೆನ್ನಾಗಿತ್ತು. ಚಪ್ಪಾಳೆ ಕೇಳಿದಾಗ ಅವನಿಗೆ ಈಗಲೂ ಸಂತೋಷವೇ ಆಗುತ್ತದೆ.