ಗಂಗಾಬಾಯಿ ಕಪ್ಪು ಬಳಿದ ಗೋಡೆ

ತೆಲುಗು ನಾಡಿನ ಕೂಕಟ್‌ಪಲ್ಲಿಯ ನಮ್ಮ ಒಂದು ಕೋಣೆಯ ಕನ್ನಡ ಶಾಲೆಯನ್ನು ಅಲ್ಲಿನ ಕನ್ನಡ ಸಂಘದವರು ಉಳಿಸಿದರೆಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದನ್ನು ಉಳಿಸಿದವಳು ಆಯಾ ಗಂಗಾಬಾಯಿ.

ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಆಕೆಗೆ ಅಕ್ಷರ ಬಾರದು. ಆದರೆ ಬೆಳಿಗ್ಗೆ ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳನ್ನೆಲ್ಲ ಸುತ್ತಿ, ಮರಳಿನಲ್ಲಿ ಆಡುವ ಕೂಲಿಯವರ ಮಕ್ಕಳನ್ನು ಹಿಡಿದು ತರುತ್ತಿದ್ದಳು. ಜನನದ ದಾಖಲೆ ಯಾರ ಬಳಿಯೂ ಇರುತ್ತಿರಲಿಲ್ಲ. ಮಗುವಿನ ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ, "ಆರು ತುಂಬ್ಯಾವ, ಬರ್ಕೋರಿ ಮಾಸ್ತರ" ಎಂದು ನನಗೆ ಹೇಳುವಳು. ಮುಟ್ಟದಿದ್ದರೆ ಕೈಯನ್ನು ತುಸು ಜಗ್ಗುವಳು.

ಆ ಕೋಣೆಗೆ ಹಲಗೆ ಇರಲಿಲ್ಲ, ಗೋಡೆಯೇ ಹಲಗೆ. ಪ್ರತಿ ವರ್ಷ ಶಾಲೆ ತೆರೆಯುವ ಹಿಂದಿನ ದಿನ ಗಂಗಾಬಾಯಿ ಇದ್ದಿಲನ್ನು ಕುಟ್ಟಿ, ತೊಂಡೆ ಎಲೆಯ ರಸದಲ್ಲಿ ಕಲಸಿ ಬಳಿಯುತ್ತಿದ್ದಳು. ಅದರ ಮೇಲೆ ನಾನು ಇಪ್ಪತ್ತೆರಡು ವರ್ಷ ಬರೆದೆ. ನಿವೃತ್ತನಾದ ಮೇಲೂ ಹೋಗಿ ಬರೆಯುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಮಾಳಿಗೆ ಸೋರುತ್ತದೆಂದು ಸಂಘ ದುರಸ್ತಿಗೆ ಮುಂದಾಯಿತು. ಅಧ್ಯಕ್ಷರು ಅಬಿಡ್ಸ್‌ನ ಬಟ್ಟೆ ವ್ಯಾಪಾರಿ ಹಣಮಂತರಾಯರು. ಅವರು ಚಾಚಿದ ಕಾಗದಕ್ಕೆ ನಾನು ಓದದೆ ಸಹಿ ಹಾಕಿದೆ. ಮಕ್ಕಳು ಮಾಡಿದ್ದರೆ ನಾನು ಎಂದೂ ಕ್ಷಮಿಸದ ತಪ್ಪು ಅದು.

ಜೂನಿನಲ್ಲಿ, ಶಾಲೆ ತೆರೆಯುವ ಹಿಂದಿನ ದಿನ, ಶಾಲೆಯ ಚರಿತ್ರೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದರು. ಬಾಗಿಲ ಮೇಲೆ "ಪರಂಪರೆಯ ಕೋಣೆ" ಎಂಬ ಫಲಕ. ಗೋಡೆಗೆ ಕೆನೆ ಬಣ್ಣ, ಅದರ ಮೇಲೆ ದಾನಿಗಳ ಫೋಟೊಗಳ ಸಾಲು. ಮಕ್ಕಳ ಮಣೆಗಳಿಗೆ ಹಗ್ಗ ಕಟ್ಟಿ, ಕೂರಬಾರದೆಂದು ಚೀಟಿ ಅಂಟಿಸಿದ್ದರು.

ಅಷ್ಟರಲ್ಲಿ ಗಂಗಾಬಾಯಿ ಹತ್ತೊಂಬತ್ತು ಮಕ್ಕಳೊಡನೆ ಬಂದಳು. ಕೈಯಲ್ಲಿ ಇದ್ದಿಲಿನ ಬಕೆಟ್ಟು.

"ಏ ಬಾಯಿ, ಹೊರಗ ನಿಲ್ಲು. ನೆಲಕ್ಕ ಪಾಲಿಶ್ ಆಗೈತಿ," ಎಂದರು ಹಣಮಂತರಾಯರು.

"ಆಗ್ಲಿ ಬಿಡ್ರಿ ಸಾಹುಕಾರ್ರ. ನಾಳಿ ಇವು ಎಲ್ಲಿ ಕುಂದ್ರಬೇಕ್ರಿ?"

"ಊರಾಗ ಬ್ಯಾರೆ ಶಾಲಿ ಇಲ್ಲೇನು? ಇದನ್ನ ನಾವು ಉಳಿಸೀವಿ. ಖುಷಿ ಪಡು."

"ಅಲ್ಲಿ ದಾಖಲಿ ಕೇಳ್ತಾರ್ರಿ. ಕಿವಿ ಮುಟ್ಟಿಸಿ ತಗೊಳ್ಳೋರು ಯಾರದಾರ್ರಿ?"

ರಾಯರು ನಕ್ಕು ನನ್ನತ್ತ ತಿರುಗಿದರು. "ಮಾಸ್ತರ, ನೀವರ ಹೇಳ್ರಿ. ಕಾಗದದಾಗ ನಿಮ್ಮ ಸಹೀನೂ ಐತಿ."

ಮೈಕು ನನ್ನ ಕೈಯಲ್ಲಿಯೇ ಇತ್ತು. "ಸೋರೂದು ನಿಲ್ಸಾಕ ಸಹಿ ಹಾಕೀನ್ರಿ, ಮಕ್ಕಳನ್ನ ಹೊರಗ ಹಾಕಾಕಲ್ಲ," ಎಂದೆ. ಸಭೆಯಲ್ಲಿದ್ದವರು ತಮ್ಮ ತಮ್ಮ ಮೊಬೈಲು ನೋಡತೊಡಗಿದರು. ಕನ್ನಡದ ಅಭಿಮಾನಿಗಳಂತೆ ಇವರು.

ಗಂಗಾಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಫೋಟೊಗಳನ್ನು ಒಂದೊಂದಾಗಿ ಇಳಿಸಿ, ಸೆರಗಿನಿಂದ ಒರೆಸಿ, ಮೂಲೆಗೆ ಒರಗಿಸಿದಳು. ಗೋಡೆಗೆ ಕಪ್ಪು ಬಳಿದಳು. ನುಣುಪು ಬಣ್ಣದ ಮೇಲೆ ಅದು ನಿಲ್ಲದೆ ಇಳಿಯಿತು.

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದರು ರಾಯರು.

"ಮಾಡ್ರಿ. ಅವರು ಬರೂದರಾಗ ಈ ಬಣ್ಣ ಕೆರದು ಮುಗಸ್ತೀನಿ," ಎನ್ನುತ್ತ ಆಕೆ ಅಂಗಳದಿಂದ ಇಟ್ಟಿಗೆಯ ಚೂರು ತಂದಳು. ಇನ್ನೊಂದು ಚೂರು ನಾನು ಹಿಡಿದೆ.

ನಮ್ಮಿಬ್ಬರಿಗೂ ಸಂಘದ ವಕೀಲರ ನೋಟಿಸು ಬಂದಿದೆ. ಗಂಗಾಬಾಯಿಯದನ್ನೂ ನಾನೇ ಓದಿ ಹೇಳಿದೆ, ಕೆರೆದು ಮತ್ತೆ ಕಪ್ಪು ಬಳಿದ ಆ ಗೋಡೆಯ ಮುಂದೆ, ಮಕ್ಕಳು ಅದರ ಮೇಲೆ ಕಾಗುಣಿತ ಬರೆಯುತ್ತಿರುವಾಗ.