ಕುದ್ರುವಿಗೆ ಮೂವತ್ತೇಳು ಸುತ್ತು

ಕುದ್ರುವಿಗೆ ಒಂದು ಸುತ್ತು ಬರಲು ನಮಗೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು. ಉಡುಪಿ ಪೇಟೆಯ ಪಡುಬದಿಯಲ್ಲಿ ಹೊಳೆ ಎರಡಾಗಿ ಒಡೆದು, ನಡುವೆ ಒಂದು ತುಂಡು ನೆಲವನ್ನು ಬಿಟ್ಟು, ಮುಂದೆ ಮತ್ತೆ ಒಂದಾಗುತ್ತದೆ. ಆ ತುಂಡೇ ಕುದ್ರು. ಒಳಗೆ ಗದ್ದೆಗಳು, ಗದ್ದೆಗಳ ನಡುವೆ ನಾಗಬನ, ಸುತ್ತಲೂ ಉಪ್ಪುನೀರು ನುಗ್ಗದಂತೆ ಮಣ್ಣಿನ ಕಟ್ಟ. ಆ ಕಟ್ಟದ ಮೇಲೆ ಇಬ್ಬರು ಜೊತೆಯಾಗಿ ನಡೆಯುವಷ್ಟು ದಾರಿ. ಏರಿಲ್ಲ, ಇಳಿಜಾರಿಲ್ಲ. ಈಗಿನವರು ಬೆಳಿಗ್ಗೆ ಎದ್ದು ಬಿಳಿ ಬೂಟು ಹಾಕಿ ವಾಕಿಂಗ್ ಹೋಗುವುದನ್ನು ಕಂಡರೆ ನನಗೆ ಒಂದು ನಮೂನೆ ಆಗುತ್ತದೆ. ಹೊಟ್ಟೆಕಿಚ್ಚು ಎಂದೇ ಇಟ್ಟುಕೊಳ್ಳಿ. ಅವರು ಯಾರಿಗೂ ಸುಳ್ಳು ಹೇಳದೆ ನಡೆಯುತ್ತಾರೆ.

ಅರವತ್ತೆರಡೋ ಅರವತ್ತಮೂರೋ ಇಸವಿ ಇರಬೇಕು. ನನ್ನ ಗಂಡ ಶಾಲೆಯಲ್ಲಿ ಮಾಷ್ಟ್ರು. ಪ್ರಾಯ ಮೂವತ್ತನಾಲ್ಕು. ಒಂದು ದಿನ ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದವರು ಎದೆ ಹಿಡಿದು ಕುಳಿತರಂತೆ. ಮಣಿಪಾಲದಲ್ಲಿ ತೋರಿಸಿದೆವು. ಡಾಕ್ಟರು ನನ್ನನ್ನೇ ಒಳಗೆ ಕರೆದು ಹೇಳಿದರು: "ಹೃದಯ ಸರಿ ಇಲ್ಲ ಅಮ್ಮ. ಭಾರ ಎತ್ತಬಾರದು, ಗುಡ್ಡ ಹತ್ತಬಾರದು. ದಿನಾ ಬೆಳಿಗ್ಗೆ ಸಮತಟ್ಟು ದಾರಿಯಲ್ಲಿ ನಿಧಾನ ನಡೆಯಲಿ. ನಡುವೆ ಕೂರಬೇಕು, ಮರೆಯಬೇಡಿ."

ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಬಾಗಿಲು ಮುಚ್ಚಿದರು. ಮಾವನವರೂ ನಲವತ್ತಕ್ಕೇ ಎದೆನೋವಿನಲ್ಲಿ ಹೋದವರು. ಈಗ ಮಗನದ್ದೂ ಗೊತ್ತಾದರೆ ಇದು ವಂಶದ ಕಾಯಿಲೆ ಎಂದು ಊರು ತೀರ್ಮಾನಿಸುತ್ತದೆ, ನಾದಿನಿಗೆ ಕಾಪುವಿನಿಂದ ಕೂಡಿಬಂದ ಸಂಬಂಧ ಮುರಿಯುತ್ತದೆ ಎಂಬುದು ಅವರ ಹೆದರಿಕೆ. ಹುಡುಗನ ಸೋದರಮಾವನ ಮನೆ ಅದೇ ಕುದ್ರುವಿನಲ್ಲಿ! ನಾವು ಉಸಿರು ಬಿಟ್ಟರೂ ಅವರಿಗೆ ಕೇಳಬೇಕು.

"ನಡೆಯುವುದಕ್ಕೆ ಎಂತ ಹೇಳುದು ಊರಿಗೆ?" ಎಂದು ನಾನು ಕೇಳಿದೆ.

"ಮಕ್ಕಳಾಗಲಿಲ್ಲ, ನಾಗನಿಗೆ ಒಂದು ಮಂಡಲದ ಪ್ರದಕ್ಷಿಣೆ ಹರಕೆ ಅಂತ ಹೇಳಿದರಾಯಿತು. ನೀನೂ ಹೋಗು," ಎಂದರು ಅತ್ತೆ. ಎಷ್ಟು ಸಲೀಸಾಗಿ ಹೇಳಿದರು ನೋಡಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ನನ್ನನ್ನು ಯಾರೂ ಬಾಯಿಬಿಟ್ಟು ಬಂಜೆ ಎಂದಿರಲಿಲ್ಲ. ನಾನಾಗಿಯೇ ಹೋಗಿ ಆ ಹೆಸರನ್ನು ಹೊತ್ತುಕೊಂಡೆ. ಕೋಪ ಬರಲಿಲ್ಲವೇ? ಬಂತು. ಆದರೆ ಗಂಡ ಉಳಿದರೆ ಸಾಕಿತ್ತು ನನಗೆ.

ನಲವತ್ತೆಂಟು ದಿನದ ಹರಕೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬರಿಗಾಲಲ್ಲಿ ಹೊಳೆಗೆ ಹಾಕಿದ ಕಾಲುಸಂಕ ದಾಟಿ, ಬನವನ್ನು ಬಲಕ್ಕೆ ಇಟ್ಟುಕೊಂಡು ಹೊರಡುತ್ತಿದ್ದೆವು. ಎರಡನೇ ದಿನವೇ ಗೊತ್ತಾಯಿತು ನಮ್ಮ ಬುದ್ಧಿವಂತಿಕೆ ಎಷ್ಟೆಂದು. ಡಾಕ್ಟರು ನಡುವೆ ಕೂರಬೇಕು ಎಂದಿದ್ದರು. ಹರಕೆಯ ಪ್ರದಕ್ಷಿಣೆಯಲ್ಲಿ ಕೂರುವಂತಿಲ್ಲ! ಗದ್ದೆಯಲ್ಲಿ ಜನ, ಹೊಳೆಯಲ್ಲಿ ಮೀನಿಗೆ ಬಲೆ ಬೀಸುವವರು, ಎಲ್ಲರ ಕಣ್ಣೂ ನಮ್ಮ ಮೇಲೆ. ಅರ್ಧ ದಾರಿ ಆಗುವಾಗ ನನ್ನ ಗಂಡನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ, ಮುಳ್ಳು!" ಎಂದು ನಾನು ದೊಡ್ಡದಾಗಿ ಕೂಗಿ ಕಟ್ಟದ ಮೇಲೆ ಕುಳಿತುಬಿಟ್ಟೆ. ಹೆಂಡತಿಯ ಕಾಲಿನ ಮುಳ್ಳು ತೆಗೆಯುವುದಕ್ಕೆ ಗಂಡ ಕುಳಿತರೆ ನಾಗನೂ ಬೇಡ ಎನ್ನಲಾರ. ಅವರು ನನ್ನ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡು, ಇಲ್ಲದ ಮುಳ್ಳನ್ನು ಹುಡುಕುತ್ತಾ, ಉಸಿರು ತಿರುಗಿಸಿಕೊಂಡರು. ಮತ್ತೆ ನಿಧಾನಕ್ಕೆ ನಕ್ಕು, "ಒಳ್ಳೆ ನಾಟಕದವಳು ಮಾರಾಯ್ತಿ ನೀನು," ಎಂದರು.

ಅಂದಿನಿಂದ ದಿನವೂ ಅದೇ ಜಾಗದಲ್ಲಿ, ಓರೆಯಾಗಿ ಬೆಳೆದ ತೆಂಗಿನ ಮರದ ಹತ್ತಿರ, ನನಗೆ ಮುಳ್ಳು ಚುಚ್ಚುತ್ತಿತ್ತು. ಊರು ನಗಲಿಕ್ಕೆ ಶುರುಮಾಡಿತು. ಮಾಷ್ಟ್ರ ಹೆಂಡತಿಯದ್ದು ಬೆಣ್ಣೆಯ ಕಾಲು ಎಂದರು. ನಾನು ನಕ್ಕಂತೆ ಮಾಡುತ್ತಿದ್ದೆ, ಒಳಗೆ ಕುದಿಯುತ್ತಿದ್ದೆ. ಆದರೆ ಅವರ ಮುಖಕ್ಕೆ ಬಣ್ಣ ಬರತೊಡಗಿತ್ತು. ಮೂವತ್ತು ದಿನ ಕಳೆಯುವಾಗ ಎರಡು ಲೋಟ ಗಂಜಿ ಕುಡಿಯುತ್ತಿದ್ದರು. ಬದುಕುತ್ತಾರೆ ಎಂದು ನನಗೆ ಧೈರ್ಯ ಬಂದಿತ್ತು.

ಮೂವತ್ತೇಳನೇ ದಿನ ಅಮಾವಾಸ್ಯೆ. ನಾವು ಸುತ್ತು ಮುಗಿಸಿ ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಕುದ್ರುವಿನಿಂದ ಕೂಗು ಕೇಳಿತು. ಭರತಕ್ಕೆ ಕಡಲು ಉಬ್ಬಿ, ಹೊಳೆಯ ನೀರು ಏರಿ ಕಟ್ಟ ಒಡೆದಿತ್ತು. ಕಟ್ಟ ಒಡೆದರೆ, ಕುದ್ರುವಿನಲ್ಲಿ ಗದ್ದೆ ಇರುವ ಪ್ರತಿ ಮನೆಯಿಂದ ಒಬ್ಬ ಗಂಡಾಳು ಹೋಗಬೇಕು, ಅದು ಕಟ್ಟಳೆ. ನಮಗೂ ಅಲ್ಲಿ ಎರಡು ಗದ್ದೆ ಇತ್ತು. ಕಾಯಿಲೆಯವರ ಮನೆಗೆ ಮಾಫಿ ಇತ್ತು, ಹೌದು. ಕೂಗಲು ಬಂದವನಿಗೆ ಒಂದು ಮಾತು ಹೇಳಿದರೆ ಸಾಕು, ಅವನು ಮುಂದಿನ ಮನೆಗೆ ಹೋಗುತ್ತಾನೆ. ಅವನು ಅಂಗಳದಲ್ಲಿ ನಿಂತಿದ್ದ. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ನಾದಿನಿಯ ಮದುವೆಗೆ ಇನ್ನು ಇಪ್ಪತ್ತು ದಿನ ಇತ್ತು.

"ಬಂದೆ," ಎಂದು ನನ್ನ ಗಂಡನೇ ಹೇಳಿಬಿಟ್ಟರು. ನನಗೆ ಮೆಲ್ಲ, "ಒಂದು ಗಂಟೆಯ ಕೆಲಸ. ಹಿಂದೆ ಎಲ್ಲಾದರೂ ನಿಂತುಕೊಳ್ಳುತ್ತೇನೆ," ಎಂದರು.

"ಹೆಂಗಸರ ಜೊತೆ ನಾನೂ ಬರುತ್ತೇನೆ. ಸುಸ್ತಾದ ಕೂಡಲೇ ನನ್ನ ಕಡೆ ನೋಡಿ. ನಾನು ಮುಳ್ಳು ಅಂತ ಕೂಗುತ್ತೇನೆ, ನೀವು ಬಿಟ್ಟು ಬನ್ನಿ," ಎಂದೆ.

ಹಿಂದೆ ನಿಲ್ಲುವುದಕ್ಕೆ ಯಾರು ಬಿಟ್ಟರು? "ಮಾಷ್ಟ್ರು ದಿನಾ ಸುತ್ತು ಬರುವವರು, ಗಟ್ಟಿ ಆಳು. ನಾಗನ ಬಲವೂ ಉಂಟು. ಅವರು ಮುಂದೆ ನಿಲ್ಲಲಿ!" ಎಂದು ಹುಡುಗನ ಸೋದರಮಾವನೇ ಕೈಹಿಡಿದು ಎಳೆದರು. ಒಡೆದ ಬಾಯಲ್ಲಿ ಸೊಂಟದವರೆಗಿನ ನೀರು. ಗೂಟ ಹೊಡೆದು, ತೆಂಗಿನ ಮಡಲು ಅಡ್ಡ ಇಟ್ಟು, ಮಣ್ಣಿನ ಹೆಡಿಗೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೊನೆಯ ಕೈ ನನ್ನ ಗಂಡನದ್ದು. ಹೆಡಿಗೆಗೆ ಮಣ್ಣು ತುಂಬುವುದು ಹೆಂಗಸರ ಕೆಲಸ. ಅಂದರೆ ಆ ಮಣ್ಣನ್ನು ತುಂಬಿ ತುಂಬಿ ಕಳಿಸಿದವರಲ್ಲಿ ನಾನೂ ಒಬ್ಬಳು.

ನನ್ನ ಪಕ್ಕದಲ್ಲಿ ಸೋದರಮಾವನ ಹೆಂಡತಿ ಇದ್ದರು. ಮಾತಿನವರು. "ಎಂತ, ಬೆಣ್ಣೆಕಾಲಿನವರೇ, ಇವತ್ತೊಂದು ದಿನ ಮುಳ್ಳಿಗೆ ರಜೆ ಕೊಡಿ ಆಯ್ತಾ? ಕಟ್ಟ ನಿಲ್ಲಬೇಕಲ್ವಾ?" ಎಂದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಸರಿಯಾಗಿ ಆಗಲೇ ನೀರಿನಲ್ಲಿದ್ದ ನನ್ನ ಗಂಡ ತಿರುಗಿ ನನ್ನ ಕಡೆ ನೋಡಿದರು.

ನಾನು ಕಂಡೆ. ತುಟಿಯ ಬಣ್ಣವೂ ಕಂಡಿತು. ಬಾಯಿ ತೆರೆದೆ. ಆದರೆ ಆ ನಗು ಇನ್ನೂ ನಿಂತಿರಲಿಲ್ಲ. ಇನ್ನೆರಡು ಹೆಡಿಗೆ ಹೋಗಲಿ, ಇವರ ನಗು ನಿಲ್ಲಲಿ, ಆಮೇಲೆ ಕೂಗುತ್ತೇನೆ ಎಂದುಕೊಂಡೆ. ತಲೆ ಬಗ್ಗಿಸಿ ಮಣ್ಣು ತುಂಬಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಎರಡು ಹೆಡಿಗೆ! ತಲೆ ಎತ್ತುವಾಗ ಮುಂದಿನ ಜಾಗ ಖಾಲಿ ಇತ್ತು, ಗಂಡಸರು ನೀರಿಗೆ ಹಾರುತ್ತಿದ್ದರು.

ಎತ್ತಿ ಕಟ್ಟದ ಮೇಲೆ ಮಲಗಿಸುವಾಗ ಉಸಿರಿರಲಿಲ್ಲ. ಕಾಲು ಜಾರಿ ನೀರು ಕುಡಿದರು ಎಂದು ಎಲ್ಲರೂ ನಂಬಿದರು. ಅತ್ತೆ ಎದೆ ಬಡಿದುಕೊಂಡು, "ಕಾಲು ಜಾರಿತಲ್ಲಾ ಮಗಾ," ಎಂದು ಅತ್ತರು. ಹೆತ್ತ ಕರುಳಿನ ಅಳುವಿನಲ್ಲಿಯೂ ಅವರು ಕಾಯಿಲೆಯ ಗುಟ್ಟು ಬಿಡಲಿಲ್ಲ. ಆವತ್ತು ಅವರನ್ನು ಕೊಂದುಬಿಡುವಷ್ಟು ಸಿಟ್ಟು ಬಂದಿತ್ತು ನನಗೆ. ಈಗ ಇಲ್ಲ. ನಾನೇನು ಸಾಚಾ?

ಸಂಬಂಧ ಮುರಿಯಲಿಲ್ಲ. ಮದುವೆಯನ್ನು ವರ್ಷದೊಳಗೆ ಮುಗಿಸಿದರಾಯಿತು ಎಂದರು ಕಾಪುವಿನವರು. ಸೂತಕ ಕಳೆದ ಮೇಲೆ ಸೋದರಮಾವ ನಮ್ಮ ಜಗಲಿಯಲ್ಲಿ ಕುಳಿತು ಗಂಭೀರವಾಗಿ ಹೇಳಿದರು: "ಹರಕೆ ಅರ್ಧಕ್ಕೆ ಬಿಡಬಾರದು. ಮದುವೆಯ ಹೆಣ್ಣಿರುವ ಮನೆ. ಉಳಿದ ಹನ್ನೊಂದು ಸುತ್ತು ಮಾಷ್ಟ್ರ ತಂಗಿ ಬರಲಿ."

ಇಲ್ಲದ ಹರಕೆ! ನಗಬೇಕೋ, ಉಗುಳಬೇಕೋ? ಅತ್ತೆ ಆಗಲಿ ಎಂದು ತಲೆ ಆಡಿಸಿದರು. ಹತ್ತೊಂಬತ್ತರ ಹುಡುಗಿಯನ್ನು ಒಬ್ಬಳೇ ಕಳಿಸುವಂತಿಲ್ಲ ಎಂದು ನಾನು ಹಿಂದೆ ಹೋದೆ. ಅವಳಿಗೆ ಕಾಯಿಲೆಯ ಸುದ್ದಿಯನ್ನು ನಾವು ಹೇಳಿರಲೇ ಇಲ್ಲ. ತನ್ನ ಮದುವೆಗೆಂದು ಅಣ್ಣ ಬಾಯಿ ಮುಚ್ಚಿಕೊಂಡಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಣ್ಣನಿಗಾಗಿ ಎಂದು ಕೈಮುಗಿದುಕೊಂಡೇ ನಡೆಯುತ್ತಿದ್ದಳು. ಹೊಸ ಮಣ್ಣು ಹಾಕಿದ ಜಾಗದಲ್ಲಿ ಅವಳ ಸಣ್ಣ ಪಾದಗಳು ಹೂಳುತ್ತಿದ್ದವು.

ಓರೆ ತೆಂಗಿನ ಮರದ ಹತ್ತಿರ ಬಂದಾಗ ಅವಳು ನಿಂತು ನೆಲ ನೋಡಿದಳು. "ಅತ್ತಿಗೆ, ನಿಮಗೆ ದಿನಾ ಮುಳ್ಳು ಚುಚ್ಚುತ್ತಿದ್ದದ್ದು ಇಲ್ಲಿಯೇ ಅಲ್ವಾ? ನನಗೆ ಒಂದೂ ಕಾಣುದಿಲ್ಲ."

"ಉಂಟು," ಎಂದೆ. "ನೋಡಿಕೊಂಡು ಕಾಲಿಡು."

ಅವಳು ಆ ಹತ್ತು ಮಾರು ದಾರಿಯನ್ನು ತುದಿಗಾಲಿನಲ್ಲಿ ದಾಟಿದಳು. ಉಳಿದ ಹತ್ತು ದಿನವೂ ಹಾಗೆಯೇ ದಾಟಿದಳು.