ಸ್ಟೀಲ್ ಪೈಪಿನೊಳಗಿನ ಆಂಟೆನಾ

ನನ್ನ ಗಂಡನಿಗೆ ಸ್ಟೀಲ್ ಅಂದರೆ ದೇವರು. ನೌಪಾಡಾದಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಗಲ್ಲಾದಿಂದ ಹಿಡಿದು ಕೈತೊಳೆಯುವ ಜಾಗದವರೆಗೆ ಎಲ್ಲವೂ ಸ್ಟೀಲ್. ಹೆಂಡತಿಯನ್ನೂ ಸ್ಟೀಲಿನಲ್ಲೇ ಮಾಡಿಸಲು ಆಗಲಿಲ್ಲವಲ್ಲ ಎಂಬ ಬೇಜಾರು ಒಳಗೊಳಗೇ ಇದ್ದಿರಬೇಕು.

ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಮನೆಯಲ್ಲಿ ಕೂರಲಾಗದೆ ಒಂದು ಹಳೆಯ ಬೋಟು ತಗೊಂಡರು. ಆರು ಜನ ಕೂರಬಹುದಾದದ್ದು, ಮೇಲೊಂದು ಸಣ್ಣ ಮಾಡು. ವಾಶಿಯ ಜೆಟ್ಟಿಯಲ್ಲಿ ಕಟ್ಟಿ, ಭಾನುವಾರ ಖಾಡಿಯಲ್ಲಿ, ಅಂದರೆ ಅಲ್ಲಿನ ಕಡಲ ಹಿನ್ನೀರಿನಲ್ಲಿ, ಒಂದು ಸುತ್ತು. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ! ಕೇಳಿದರೆ, "ನಾನು ಉಡುಪಿಯ ಕಡಲು ನೋಡಿ ಬೆಳೆದವ ಮಾರಾಯ್ತಿ" ಅಂತ ಬಡಾಯಿ. ಇವರ ಊರಿನಿಂದ ಕಡಲು ನೋಡಬೇಕಾದರೆ ಎರಡು ಬಸ್ಸು ಬದಲಿಸಬೇಕು, ನನಗೆ ಗೊತ್ತಿಲ್ಲವಾ?

ಎರಡನೇ ಭಾನುವಾರವೇ ಇಂಜಿನ್ ಕೈಕೊಟ್ಟಿತು. ನಡುನೀರಿನಲ್ಲಿ ಇವರೊಬ್ಬರೇ, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ನಾನು ಜೆಟ್ಟಿಯ ಬಿಸಿಲಲ್ಲಿ ಮೂರು ಗಂಟೆ ನಿಂತೆ. ಕೊನೆಗೆ ಮೀನುಗಾರರು ಹಗ್ಗ ಕಟ್ಟಿ ಎಳಕೊಂಡು ಬಂದರು. ಇವರು ನಗುತ್ತಾ ಇಳಿದರು. ನನಗೆ ಜೀವವೇ ಹೋಗಿ ಬಂದ ಹಾಗಾಗಿತ್ತು. "ಖಾಡಿಯ ಸೇತುವೆಯ ಆಚೆಯಿಂದ ನಿಮ್ಮ ಸ್ವರ ನನಗೆ ರೇಡಿಯೋದಲ್ಲಿ ಕೇಳಬೇಕು. ಇಲ್ಲದಿದ್ದರೆ ಬೋಟು ಮಾರಿಬಿಡಿ," ಅಂದೆ. ಬೇರೆ ದಾರಿ ಕಾಣದೆ ಒಪ್ಪಿದರು.

ಲೈಸೆನ್ಸು ಆಯಿತು, ಬೋಟಿಗೊಂದು ರೇಡಿಯೋ, ನನಗೊಂದು ಕೈಸೆಟ್ ಬಂತು. ಆಂಟೆನಾ ಅಂದರೆ ಉದ್ದದ ಬಿಳಿ ಫೈಬರ್ ಕೋಲು. ಇವರು ಅದನ್ನು ಹಿಡಿದು ಅಲ್ಲಾಡಿಸಿ, "ಛೆ, ಇದೆಂತ ಪ್ಲಾಸ್ಟಿಕ್ಕು! ಉಪ್ಪುಗಾಳಿಗೆ ಎಷ್ಟು ದಿನ ತಡೀತದೆ?" ಅಂದರು. ಹೋಟೆಲಿನ ಟೇಬಲ್ಲುಗಳನ್ನೆಲ್ಲ ಮಾಡಿಕೊಟ್ಟಿದ್ದ ಭಿವಂಡಿಯವನಿಂದ ಕನ್ನಡಿಯಂಥ ಪಾಲಿಶಿನ ಸ್ಟೀಲ್ ಪೈಪು ಬಂತು. ಆಂಟೆನಾ ಪೂರ್ತಿ ಅದರೊಳಗೆ. ತುದಿಗೆ ಸ್ಟೀಲಿನದೇ ಮುಚ್ಚಳ, ಅದಕ್ಕೆ ಕುಂಕುಮ. ಜೆಟ್ಟಿಯಲ್ಲಿ ಬಂದುಹೋಗುವವರೆಲ್ಲ ತಿರುಗಿ ನೋಡುತ್ತಿದ್ದರು, ಇವರು ಮೀಸೆ ತಿರುವುತ್ತಿದ್ದರು.

ಪಕ್ಕದಲ್ಲಿ ನಿಂತರೆ ರೇಡಿಯೋ ಚೆನ್ನಾಗಿ ಕೇಳುತ್ತಿತ್ತು. ಪಕ್ಕದಲ್ಲಿ ನಿಂತವಳಿಗೆ ರೇಡಿಯೋ ಯಾಕೆ ಮಾರಾಯ್ರೇ? ಬೋಟು ಸ್ವಲ್ಪ ದೂರ ಹೋದರೆ ಬರೀ ಗೊರಗೊರ. ಬ್ಯಾಟರಿ ಬದಲಿಸಿದರು, ವಯರು ಬದಲಿಸಿದರು, ಅಂಗಡಿಯವನಿಗೆ ಫೋನು ಮಾಡಿ ಬೈದರು. ಕೊನೆಗೆ ಡೊಂಬಿವ್ಲಿಯಿಂದ ರಿಪೇರಿಯವನೊಬ್ಬ ಬಂದ. ಪೈಪನ್ನು ಬೆರಳಲ್ಲಿ ಠಣ್ ಅಂತ ಬಾರಿಸಿ, "ಕಾಕಾ, ಆವಾಜ್ ಕೋ ಡಬ್ಬೇ ಮೇ ಬಂದ್ ಕರ್ ದಿಯಾ ಆಪ್‌ನೇ," ಅಂದ. ಸ್ವರವನ್ನೇ ಡಬ್ಬಿಯೊಳಗೆ ಹಾಕಿ ಮುಚ್ಚಿಬಿಟ್ಟಿದ್ದೀರಿ ಅಂತ. ನಾನು ನಕ್ಕೆ. ಇವರು ನಗಲಿಲ್ಲ. ಅವನು ಪೈಪು ಕಳಚಿ, ಬರಿಯ ಬಿಳಿ ಕೋಲನ್ನು ಮಾಡಿನ ಮೇಲೆ, ಕಂಬಿಗಳಿಂದ ದೂರ, ನೆಟ್ಟಗೆ ನಿಲ್ಲಿಸಿದ. ವಯರಿನ ಜೋಡಣೆಗೆ ನೀರು ಇಳಿಯದ ಹಾಗೆ ಟೇಪು ಸುತ್ತಿದ. ಆಮೇಲೆ ಪಾಠ: ಕರೆಯುವಾಗ ಎದುರಿನವರ ಹೆಸರನ್ನು ಮೂರು ಸಲ ಹೇಳಬೇಕು, ಬಟನ್ ಬಿಟ್ಟು ಉತ್ತರಕ್ಕೆ ಕಾಯಬೇಕು.

ಇವರು ಮುಖ ಊದಿಸಿಕೊಂಡೇ ಬೋಟು ಬಿಟ್ಟರು. ಸೇತುವೆ ದಾಟಿ ಚುಕ್ಕಿಯಷ್ಟಾದರು. ನಾನು ಸೆಟ್ಟನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ.

ಗೊರಗೊರ ಅಂದಿತು. ಆಮೇಲೆ ನನ್ನ ಹೆಸರು. ಒಂದು ಸಲ, ಎರಡು ಸಲ, ಮೂರು ಸಲ.

ಮದುವೆಯಾಗಿ ಮೂವತ್ನಾಲ್ಕು ವರ್ಷ. "ಇವಳೇ" ಅಂದಿದ್ದಾರೆ, "ಕೇಳಿತಾ" ಅಂದಿದ್ದಾರೆ, ಸಿಟ್ಟು ಬಂದಾಗ "ಹೋಯ್" ಅಂದಿದ್ದಾರೆ. ಹೆಸರು ಹಿಡಿದು ಒಮ್ಮೆಯೂ ಕರೆದವರಲ್ಲ. ಅತ್ತೆ ಇರುವಾಗ ನಾಚಿಕೆ, ಆಮೇಲೆ ಅದೇ ಅಭ್ಯಾಸ. ಈಗ ನೋಡಿದರೆ, ಖಾಡಿಯ ಬೋಟಿನವರೆಲ್ಲ ಕೇಳುವ ಹಾಗೆ!  ಕೇಳುತ್ತಾ ನಿಂತವಳಿಗೆ ಬಟನ್ ಒತ್ತುವುದೇ ಮರೆತುಹೋಯಿತು.

"ಕೇಳ್ತಿಲ್ಲವಾ?" ಸ್ವರ ಸಪ್ಪೆಯಾಗಿತ್ತು. "ಹೋಗಲಿ ಬಿಡು. ತಿರುಗಿ ಬರ್ತೇನೆ. ಬೋಟು ಮಾರುವ."

ದೂರದಲ್ಲಿ ಬೋಟು ತಿರುಗುವುದು ಕಂಡಿತು. ಗಡಬಡಿಸಿ ಬಟನ್ ಒತ್ತಿದೆ.

"ಕೇಳ್ತಾ ಉಂಟು ಮಾರಾಯ್ರೇ, ಚೆನ್ನಾಗಿ ಕೇಳ್ತಾ ಉಂಟು. ಮಾರುವುದೆಲ್ಲ ಬೇಡ. ಇನ್ನೊಮ್ಮೆ ಕರೀರಿ."